ರುಜು ಮತ್ತು ರುಜುವಾತು

(ಸೌಕಾರ್‌ಪೇಟೆಯಲ್ಲಿ ನಡೆದ ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ದಿನ ವೇದಿಕೆ ಏರಿದವರು ನಾಡುನುಡಿಗಳ ಹಿರಿಮೆಯನ್ನು ಹೇಳುವುದು ವಾಡಿಕೆ. ನನಗೆ ಮುಂಚೆ ಮಾತನಾಡಿದವರು ಆ ಕೆಲಸವನ್ನು ಬಹು ಚೆನ್ನಾಗಿ ಮಾಡಿದ್ದಾರೆ. ನನ್ನ ಪಾಲಿಗೆ ಕಾರ್ಯದರ್ಶಿಗಳು ಬಿಟ್ಟಿರುವ ವಿಷಯ ಡಿಜಿಟಲ್ ಸಹಿ. ಹಬ್ಬದ ದಿವಸ ಇದೆಲ್ಲಿಯ ಕಚೇರಿ ಮಾತು ತಂದನಪ್ಪ ಎಂದು ನಿಮಗೆ ಅನ್ನಿಸಬಹುದು. ಆದರೆ ಊರು ಬಿಟ್ಟು ಬಂದು ಪರಸ್ಥಳದಲ್ಲಿ ಸಂಸಾರ ಹೂಡಿದ ನಮ್ಮಂಥವರಿಗೆ ಕಾಗದಪತ್ರದ ಚಿಂತೆ ಇದ್ದಷ್ಟು ಊರಿನಲ್ಲೇ ಇರುವವರಿಗೆ ಇಲ್ಲ. ಹುಟ್ಟಿದ ದಾಖಲೆ ಒಂದು ರಾಜ್ಯದ್ದು, ಮನೆಯ ಪತ್ರ ಇನ್ನೊಂದು ರಾಜ್ಯದ್ದು, ಕೇಳುವ ಅಧಿಕಾರಿ ಮತ್ತೊಂದು ಭಾಷೆಯವರು. ಆದುದರಿಂದ ಈ ವಿಷಯಕ್ಕೆ ನಾನು ತಕರಾರು ಹೇಳಲಿಲ್ಲ.

ನಮ್ಮಲ್ಲಿ ಹಲವರ ಮನೆಯ ಹಳೆಯ ಪೆಟ್ಟಿಗೆಗಳಲ್ಲಿ ಮದರಾಸು ಸರ್ಕಾರದ ಮುದ್ರೆಯುಳ್ಳ ಪತ್ರಗಳಿವೆ. ಬಳ್ಳಾರಿಯವರು 1953ರ ತನಕ, ದಕ್ಷಿಣ ಕನ್ನಡದವರು 1956ರ ನವೆಂಬರ್ 1ರ ತನಕ ಈ ಊರಿನ ಆಡಳಿತಕ್ಕೆ ಸೇರಿದವರೇ ಅಲ್ಲವೆ? ಆ ಪತ್ರಗಳನ್ನು ನಾವು ಏಕೆ ನಂಬುತ್ತೇವೆ? ಕೆಳಗಡೆ ಒಂದು ರುಜು ಇದೆ, ಪಕ್ಕದಲ್ಲಿ ಒಂದು ಮೊಹರು ಇದೆ. ನಮ್ಮ ಭಾಷೆಯಲ್ಲಿ ಸಹಿಗೆ ರುಜು ಎನ್ನುತ್ತೇವೆ; ಸಾಬೀತು ಮಾಡುವುದಕ್ಕೆ ರುಜುವಾತು ಎನ್ನುತ್ತೇವೆ. ಎರಡು ಮಾತೂ ಒಂದಕ್ಕೊಂದು ಅಂಟಿಕೊಂಡಿವೆ. ರುಜು ಇದ್ದರೂ ರುಜುವಾತು ಇಲ್ಲದೆ ಹೋಗುವ ಸಂದರ್ಭ ಉಂಟು. ಅಂಥ ಒಂದು ಪ್ರಸಂಗವನ್ನೇ ಮೊದಲು ಹೇಳಿಬಿಡುತ್ತೇನೆ. ಅದರಲ್ಲಿ ತಪ್ಪು ನನ್ನದೇ.

ನನ್ನ ಸೋದರತ್ತೆಯೊಬ್ಬರು ಇದೇ ಪೇಟೆಯ ಒಂದು ಓಣಿಯಲ್ಲಿ ಬಹುಕಾಲದಿಂದ ಇದ್ದಾರೆ. ಮೊಮ್ಮಗಳಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಿತು. ವಿದ್ಯಾಭ್ಯಾಸದ ಸಾಲಕ್ಕೆ ಮುಳಬಾಗಿಲಿನ ಮನೆಯನ್ನು ಆಧಾರವಾಗಿ ತೋರಿಸಬೇಕಾಯಿತು. ಮನೆಯ ಮೇಲೆ ಬೇರೆ ಸಾಲವಿಲ್ಲವೆಂದು ತೋರಿಸುವ ಋಣಭಾರ ಪತ್ರ, ಜನರ ಬಾಯಲ್ಲಿ ‘ಇ.ಸಿ.’, ಅದು ಬೇಕು. ಹಿಂದಿನ ಕಾಲವಾಗಿದ್ದರೆ ರಾತ್ರಿ ಬಸ್ಸು ಹತ್ತಿ ಹೋಗಿ ಸಬ್‌ರಿಜಿಸ್ಟ್ರಾರ್ ಕಚೇರಿಯ ಮುಂದೆ ಕಾದು ತರಬೇಕಾಗಿತ್ತು. ಈಗ ಕರ್ನಾಟಕದ ನೋಂದಣಿ ಮತ್ತು ಮುದ್ರಾಂಕ ಇಲಾಖೆಯ ‘ಕಾವೇರಿ’ ಜಾಲತಾಣದಿಂದ ಡಿಜಿಟಲ್ ಸಹಿಯುಳ್ಳ ಪತ್ರ ಮನೆಗೇ ಬರುತ್ತದೆ. ಅತ್ತೆ ಅದನ್ನು ತರಿಸಿಕೊಂಡು ಸಾಲದ ಅರ್ಜಿಯ ಜೊತೆಗೆ ಏರಿಸಿದರು. ಹತ್ತು ದಿನ ಕಳೆದ ಮೇಲೆ ಉತ್ತರ ಬಂತು: ಪತ್ರದಲ್ಲಿ ಸಹಿ ಇಲ್ಲ, ಒಪ್ಪಲಾಗದು.

ಅತ್ತೆ ನನ್ನನ್ನು ಕರೆದರು. “ಏನೋ ಇದು, ನೀನು ಕಂಪ್ಯೂಟರ್ ಓದಿದವನು, ನೋಡು. ಇಷ್ಟು ದಪ್ಪಕ್ಕೆ ಸಹಿ ಕಾಣ್ತಾ ಇದೆ. ಇಲ್ಲ ಅಂತಾರಲ್ಲ!” ಎಂದರು. ಕಾಗದದ ಮೂಲೆಯಲ್ಲಿ ಅಧಿಕಾರಿಯ ಹೆಸರು, ದಿನಾಂಕ, ವೇಳೆ ಎಲ್ಲವೂ ಇದ್ದ ಚೌಕ ನಿಜವಾಗಿಯೂ ಕಾಣುತ್ತಿತ್ತು. ಪತ್ರವನ್ನು ಎರಡನೆಯ ಸಲ ಏರಿಸಿದರು. ಮತ್ತೆ ಅದೇ ಉತ್ತರ. ಅಷ್ಟರಲ್ಲಿ ಫೀಜು ಕಟ್ಟುವ ಗಡುವು ಬಂತು. ಅತ್ತೆ ಎರಡು ಜೊತೆ ಬಳೆಗಳನ್ನು ತೆಗೆದುಕೊಂಡು ಪಕ್ಕದ ಬೀದಿಯ ಗಿರವಿ ಅಂಗಡಿಗೆ ಹೋದರು. ಅವು ವಾಪಸು ಬಂದದ್ದು ಎರಡು ವರ್ಷಗಳ ಮೇಲೆ.

ತಪ್ಪು ಎಲ್ಲಿತ್ತೆಂಬುದು ಆಮೇಲೆ ತಿಳಿಯಿತು. ಆ ಸಾಲದ ಅರ್ಜಿಯ ತಂತ್ರಾಂಶವನ್ನು ಕಟ್ಟಿದವರಲ್ಲಿ ನಾನೂ ಒಬ್ಬ. ಜನರು ದೊಡ್ಡ ದೊಡ್ಡ ಕಡತಗಳನ್ನು ಏರಿಸಿ ಜಾಗ ತುಂಬಿಸುತ್ತಾರೆಂದು, ಬಂದ ಪ್ರತಿಯೊಂದು ಪಿ.ಡಿ.ಎಫ್. ಕಡತವನ್ನೂ ಹಿಂಡಿ ಚಿಕ್ಕದು ಮಾಡುವ ಹನ್ನೊಂದು ಸಾಲಿನ ಒಂದು ತುಣುಕನ್ನು ಬರೆದವನು ನಾನೇ. ಆ ತುಣುಕು ಪುಟದ ಚಿತ್ರವನ್ನು ಉಳಿಸಿತು, ಒಳಗಿನ ಸಹಿಯನ್ನು ಅಳಿಸಿತು. ಕಾಣುವ ಚೌಕ ಉಳಿಯಿತು, ರುಜುವಾತು ಹೋಯಿತು. ಈ ಸಭೆಯಲ್ಲಿ ತಂತ್ರಾಂಶದ ಕಸಬಿನಲ್ಲಿರುವ ತರುಣ ತರುಣಿಯರು ಬಹುಮಂದಿ ಇದ್ದಾರೆ. ಅವರು ಅದೇ ತಪ್ಪನ್ನು ಮಾಡಬಾರದೆಂಬುದು ಈ ಹೊತ್ತಿನ ನನ್ನ ಬಿನ್ನಹ.

ಕಾಣದ ಸಹಿ ಎಂದರೇನು? ಹಳೆಯ ಎರಡು ಉದಾಹರಣೆಗಳಿಂದ ಹೇಳಿದರೆ ಎಲ್ಲರಿಗೂ ತಿಳಿದೀತು.

ನಮ್ಮ ಅರಸರು ದತ್ತಿ ಕೊಟ್ಟಾಗ ತಾಮ್ರದ ಹಲಗೆಗಳಲ್ಲಿ ಬರೆಸುತ್ತಿದ್ದರು. ಹಲಗೆಗಳಿಗೆ ತೂತು ಹಾಕಿ ಒಂದು ಬಳೆಯನ್ನು ಪೋಣಿಸಿ, ಬಳೆಯ ತುದಿಗಳನ್ನು ರಾಜಮುದ್ರೆಯಲ್ಲಿ ಸೇರಿಸಿ ಬೆಸೆಯುತ್ತಿದ್ದರು. ಗಂಗರಿಗೆ ಆನೆ, ಚಾಲುಕ್ಯರಿಗೆ ವರಾಹ ಲಾಂಛನ. ಹಲಗೆಯನ್ನು ತೆಗೆಯಬೇಕಾದರೂ ಸೇರಿಸಬೇಕಾದರೂ ಬಳೆಯನ್ನು ಕತ್ತರಿಸಲೇಬೇಕು. ವಿಜಯನಗರದ ಅರಸರ ತಾಮ್ರಶಾಸನಗಳು ಸಂಸ್ಕೃತ ಭಾಷೆಯಲ್ಲಿ, ನಂದಿನಾಗರಿ ಲಿಪಿಯಲ್ಲಿ ಇದ್ದರೂ ಕಟ್ಟಕಡೆಗೆ ಹಾಕುವ ರುಜು ಮಾತ್ರ ‘ಶ್ರೀ ವಿರೂಪಾಕ್ಷ’ ಎಂದು ಕನ್ನಡ ಅಕ್ಷರಗಳಲ್ಲಿ ಇರುತ್ತಿತ್ತು. ರಾಜ್ಯೋತ್ಸವದ ದಿನ ಈ ಸಂಗತಿಯನ್ನು ನೆನೆಯಲು ನನಗೆ ಹೆಮ್ಮೆ. ಇಷ್ಟೆಲ್ಲ ಇದ್ದರೂ ಕಳ್ಳ ಶಾಸನಗಳು ಹುಟ್ಟದೆ ಇರಲಿಲ್ಲ. ಗಂಗರ ತಾಮ್ರಪಟಗಳಲ್ಲಿ ಅನೇಕವು ಕೂಟಶಾಸನಗಳೆಂದು ಫ್ಲೀಟ್ ಪಂಡಿತರು ವಾದಿಸಿದರು. ರೈಸ್ ಸಾಹೇಬರು ಅದನ್ನು ಒಪ್ಪಲಿಲ್ಲ. ಮುದ್ರೆ ಇದ್ದ ಮಾತ್ರಕ್ಕೆ ಎಲ್ಲವೂ ಸಾಚಾ ಅಲ್ಲ, ಪರೀಕ್ಷೆ ಬೇಕು ಎಂಬುದು ಆ ಚರ್ಚೆಯಿಂದ ನಾವು ಕಲಿಯುವ ಪಾಠ.

ಎರಡನೆಯದು ನಾವು ನಿಂತಿರುವ ಈ ಪೇಟೆಯ ಉದಾಹರಣೆ. ಸಾಹುಕಾರರ ಹೆಸರನ್ನೇ ಹೊತ್ತ ಪೇಟೆ ಇದು. ಮಾರವಾಡಿ, ಗುಜರಾತಿ ವರ್ತಕರ ವ್ಯವಹಾರ ಹಿಂದೆ ಹುಂಡಿಯ ಮೇಲೆ ನಡೆಯುತ್ತಿತ್ತು. ಹುಂಡಿಯಲ್ಲಿ ಮೊಬಲಗನ್ನು ಒಂದೇ ಸಲ ಬರೆಯುತ್ತಿರಲಿಲ್ಲ. ಸಾವಿರ ರೂಪಾಯಿ ಎಂದು ಬರೆದು, ಅದರ ಅರ್ಧ ಐನೂರು, ಆ ಐನೂರರ ಇಮ್ಮಡಿ ಕೊಡತಕ್ಕದ್ದು ಎಂದು ಮತ್ತೆ ಬರೆಯುತ್ತಿದ್ದರು. ಒಂದು ಸೊನ್ನೆಯನ್ನು ಕಳ್ಳತನದಿಂದ ಸೇರಿಸಿದರೆ ಲೆಕ್ಕ ಕೂಡುವುದಿಲ್ಲ, ಕಳ್ಳ ಸಿಕ್ಕಿಬೀಳುತ್ತಾನೆ. ಇನ್ನು ‘ಶಾಹ್‌ಜೋಗ್’ ಹುಂಡಿಯ ಹಣವನ್ನು ಪೇಟೆಯಲ್ಲಿ ಹೆಸರಿರುವ ಸಾಹುಕಾರನ ಕೈಗೇ ಕೊಡಬೇಕು, ಗುರುತಿಲ್ಲದವನಿಗೆ ಕೊಡುವಂತಿಲ್ಲ. ಬರಹ ಬದಲಾಗಿಲ್ಲ ಎಂಬುದಕ್ಕೆ ಲೆಕ್ಕ, ಮನುಷ್ಯ ಯಾರೆಂಬುದಕ್ಕೆ ಗುರುತಿನ ಸಾಹುಕಾರ: ಡಿಜಿಟಲ್ ಸಹಿಯ ಎರಡು ಕಾಲುಗಳೂ ಇವೇ.

ಈಗ ಲೆಕ್ಕದ ಕಡೆಗೆ ಬರೋಣ. ಕಂಪ್ಯೂಟರಿನ ಕಡತವೆಂದರೆ ಅಂಕಿಗಳ ಒಂದು ಉದ್ದನೆಯ ಸಾಲು. ಆ ಸಾಲನ್ನೆಲ್ಲ ಒಂದು ಗಣಿತದ ಗಾಣಕ್ಕೆ ಹಾಕಿದರೆ ಒಂದು ಸಂಖ್ಯೆ ಬರುತ್ತದೆ. ಅದಕ್ಕೆ ಹ್ಯಾಷ್ ಎಂದು ಹೆಸರು. ಕಡತದ ಬೆರಳಚ್ಚು ಎನ್ನಿ. ಇಂದು ಬಹುವಾಗಿ ಬಳಕೆಯಲ್ಲಿರುವ ಎಸ್.ಎಚ್.ಎ.-256 ಎಂಬ ಗಾಣದಿಂದ ಬರುವ ಸಂಖ್ಯೆಗಳು ಎಷ್ಟು ಬಗೆಯವೆಂದು ಬರೆಯಹೊರಟರೆ 78 ಅಂಕಿಗಳು ಬೇಕು. ನೂರು ಪುಟದ ಕಡತದಲ್ಲಿ ಒಂದು ಅಲ್ಪವಿರಾಮವನ್ನು ಬದಲಿಸಿದರೂ ಬೆರಳಚ್ಚು ಪೂರ್ತಿಯಾಗಿ ಬೇರೆ ಆಗುತ್ತದೆ.

ಎರಡನೆಯದು ಜೋಡಿ ಕೀಲಿಕೈ. 89ನ್ನು 97ರಿಂದ ಗುಣಿಸಿ ಎಂದರೆ ಯಾವ ಹುಡುಗನೂ 8633 ಎಂದು ಹೇಳಿಬಿಡುತ್ತಾನೆ. 8633 ಯಾವ ಎರಡು ಸಂಖ್ಯೆಗಳ ಗುಣಲಬ್ಧವೆಂದು ಕೇಳಿದರೆ ತಡಕಾಡುತ್ತಾನೆ. ಇದೇ ಸಂಖ್ಯೆ ಆರುನೂರು ಚಿಲ್ಲರೆ ಅಂಕಿಗಳಷ್ಟು ಉದ್ದವಾದರೆ ಲೋಕದ ಕಂಪ್ಯೂಟರುಗಳೆಲ್ಲ ಕೂಡಿದರೂ ಇಂದು ಬಿಡಿಸಲಾರವು. 1976ರಲ್ಲಿ ಡಿಫಿ ಮತ್ತು ಹೆಲ್‌ಮನ್ ಎಂಬವರು ಜೋಡಿ ಕೀಲಿಯ ಕಲ್ಪನೆಯನ್ನು ಪ್ರಕಟಿಸಿದರು. 1977ರಲ್ಲಿ ರಿವೆಸ್ಟ್, ಶಮೀರ್, ಏಡ್ಲ್‌ಮನ್ ಎಂಬ ಮೂವರು ಈ ಗುಣಾಕಾರದ ಉಪಾಯದಿಂದ ಅದನ್ನು ಕಾರ್ಯಕ್ಕೆ ತಂದರು. ಒಂದು ಕೀಲಿ ಗುಟ್ಟಿನದು, ಒಡೆಯನ ಬಳಿ ಮಾತ್ರ ಇರತಕ್ಕದ್ದು. ಇನ್ನೊಂದು ಬಹಿರಂಗ, ಯಾರು ಬೇಕಾದರೂ ಇಟ್ಟುಕೊಳ್ಳಬಹುದು. ಕಡತದ ಬೆರಳಚ್ಚಿಗೆ ಗುಟ್ಟಿನ ಕೀಲಿಯನ್ನು ಹಾಕಿದರೆ ಹುಟ್ಟುವುದೇ ಡಿಜಿಟಲ್ ಸಹಿ. ಬಹಿರಂಗ ಕೀಲಿಯಿಂದ ಅದನ್ನು ಯಾರೂ ಪರೀಕ್ಷಿಸಬಹುದು, ಆದರೆ ಯಾರೂ ಹುಟ್ಟಿಸಲಾರರು. ಮುಳಬಾಗಿಲಿನ ಅಧಿಕಾರಿ ಹಾಕಿದ ಸಹಿಯನ್ನು ಸೌಕಾರ್‌ಪೇಟೆಯಲ್ಲಿ ಕುಳಿತು ಕ್ಷಣದಲ್ಲಿ ಪರೀಕ್ಷಿಸಬಹುದು. ರಾತ್ರಿ ಬಸ್ಸು ತಪ್ಪಿದ್ದು ಈ ಗಣಿತದಿಂದ.

ಬಹಿರಂಗ ಕೀಲಿ ನಿಜವಾಗಿಯೂ ಆ ಅಧಿಕಾರಿಯದೇ ಎಂದು ಹೇಳುವವರು ಯಾರು? ಇಲ್ಲಿ ಶಾಹ್‌ಜೋಗ್ ಸಾಹುಕಾರ ಬೇಕು. ನಮ್ಮ ದೇಶದಲ್ಲಿ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆ ಆ ವರ್ಷದ ಅಕ್ಟೋಬರ್ 17ರಿಂದ ಜಾರಿಗೆ ಬಂತು. ಅದರ 3ನೆಯ ಪ್ರಕರಣ ನಾನೀಗ ಹೇಳಿದ ಹ್ಯಾಷ್ ಮತ್ತು ಜೋಡಿ ಕೀಲಿಗಳನ್ನೇ ಹೆಸರಿಸುತ್ತದೆ. ಕಾಯಿದೆಯಂತೆ ಕೇಂದ್ರ ಸರ್ಕಾರ ಒಬ್ಬ ನಿಯಂತ್ರಕರನ್ನು ನೇಮಿಸಿದೆ. ಅವರು ಪರವಾನಗಿ ಕೊಟ್ಟ ಸಂಸ್ಥೆಗಳು ವ್ಯಕ್ತಿಯ ಗುರುತನ್ನು ನೋಡಿ ಪ್ರಮಾಣಪತ್ರ ಕೊಡುತ್ತವೆ. ದೇಶದಲ್ಲೇ ಮೊತ್ತಮೊದಲು, 2002ರಲ್ಲಿ, ಈ ಪರವಾನಗಿ ಪಡೆದದ್ದು ನಮ್ಮ ಚೆನ್ನೈನ ಸೇಫ್‌ಸ್ಕ್ರಿಪ್ಟ್ ಸಂಸ್ಥೆ. ಈ ಕೆಲಸದಲ್ಲಿರುವ ಈ-ಮುದ್ರಾ ಬೆಂಗಳೂರಿನದು. ಹೀಗೆ ನಾವು ಬಿಟ್ಟ ಊರಿಗೂ ಸೇರಿದ ಊರಿಗೂ ಈ ವಿದ್ಯೆಯಲ್ಲಿ ಪಾಲಿದೆ.

ಕೆಲವರು ಕೇಳುವುದುಂಟು: ಪತ್ರ ತೆರೆದರೆ ಸಹಿಯ ಮೇಲೆ ಹಳದಿ ಪ್ರಶ್ನಾರ್ಥಕ ಚಿಹ್ನೆ ಬರುತ್ತದೆ, ಪತ್ರ ಸುಳ್ಳೇ? ಅಲ್ಲ. ಓದುವ ತಂತ್ರಾಂಶದ ನಂಬಿಕೆಯ ಪಟ್ಟಿಯಲ್ಲಿ ಭಾರತದ ನಿಯಂತ್ರಕರ ಮೂಲ ಪ್ರಮಾಣಪತ್ರ ಸೇರಿಲ್ಲದಿದ್ದರೆ ‘ಈ ಸಾಹುಕಾರನ ಗುರುತು ನನಗಿಲ್ಲ’ ಎಂದು ಅದು ಹೇಳುತ್ತದೆ, ಅಷ್ಟೆ. ಮೂಲ ಪ್ರಮಾಣಪತ್ರವನ್ನು ಸರ್ಕಾರದ ತಾಣದಿಂದಲೇ ತಂದು ಪಟ್ಟಿಗೆ ಸೇರಿಸಿದರೆ ಪ್ರಶ್ನೆ ಹೋಗುತ್ತದೆ. ಕೆಂಪು ಗುರುತು ಬಂದರೆ ಮಾತ್ರ ಎಚ್ಚರ; ಕಡತ ಬದಲಾಗಿರಬಹುದು.

ಈಗ ತರುಣರ ಕಡೆಗೆ ತಿರುಗುತ್ತೇನೆ. ಸಹಿಯ ಗಣಿತಕ್ಕಿಂತ ಸಹಿಯನ್ನು ಇಡುವ ಪಾತ್ರೆಯಲ್ಲೇ ತೊಂದರೆ ಹೆಚ್ಚು. ಸಹಿಯನ್ನು ಇಡಲು ಮೂರು ಕ್ರಮಗಳಿವೆ: ಸಹಿ ಪತ್ರದ ಹೊರಗೆ ಬೇರೆ ಕಡತವಾಗಿ ಇರಬಹುದು; ಸಹಿಯ ಹೊಟ್ಟೆಯಲ್ಲಿ ಪತ್ರ ಇರಬಹುದು; ಪತ್ರದ ಹೊಟ್ಟೆಯಲ್ಲಿ ಸಹಿ ಇರಬಹುದು. ಮೂರನೆಯದರಲ್ಲಿ ಒಂದು ಒಗಟಿದೆ. ಇಡೀ ಕಡತದ ಬೆರಳಚ್ಚು ತೆಗೆದು ಸಹಿ ಮಾಡಿ, ಆ ಸಹಿಯನ್ನು ಅದೇ ಕಡತದೊಳಗೆ ಇಟ್ಟರೆ ಕಡತ ಬದಲಾಯಿತಲ್ಲ! ಪಿ.ಡಿ.ಎಫ್. ಇದನ್ನು ಹೀಗೆ ಬಿಡಿಸಿದೆ: ಮೊದಲೇ ಕಡತದ ನಡುವೆ ಒಂದು ಖಾಲಿ ಗುಂಡಿ ಬಿಡುತ್ತದೆ. ಗುಂಡಿಯ ಹಿಂದಿನ ಭಾಗ ಎಲ್ಲಿಂದ ಎಷ್ಟು, ಮುಂದಿನ ಭಾಗ ಎಲ್ಲಿಂದ ಎಷ್ಟು ಎಂದು ನಾಲ್ಕು ಸಂಖ್ಯೆಗಳನ್ನು ಬರೆದಿಡುತ್ತದೆ. ಅದಕ್ಕೆ ‘ಬೈಟ್‌ರೇಂಜ್’ ಎಂದು ಹೆಸರು. ಆ ಎರಡು ಭಾಗಗಳ ಬೆರಳಚ್ಚಿಗೆ ಸಹಿ ಮಾಡಿ, ಸಹಿಯನ್ನು ಗುಂಡಿಯಲ್ಲಿ ತುಂಬುತ್ತದೆ.

ಈಗ ನನ್ನ ಹನ್ನೊಂದು ಸಾಲುಗಳ ಪಾಪ ನಿಮಗೆ ತಿಳಿದಿರಬೇಕು. ಹಿಂಡುವ ಯಂತ್ರ ಕಡತವನ್ನು ಹೊಸದಾಗಿ ಬರೆಯುತ್ತದೆ. ಪುಟ ಹಾಗೆಯೇ ಕಂಡರೂ ಒಳಗಿನ ಬೈಟುಗಳು ಒಂದೂ ಹಳೆಯ ಜಾಗದಲ್ಲಿ ಇರುವುದಿಲ್ಲ. ಪತ್ರವನ್ನು ಅಚ್ಚುಹಾಕಿ ಮತ್ತೆ ಸ್ಕ್ಯಾನ್ ಮಾಡುವವರೂ ಇದನ್ನೇ ಮಾಡುತ್ತಾರೆ. ಆದುದರಿಂದ ಮೊದಲನೆಯ ನಿಯಮ: ಬಂದ ಕಡತವನ್ನು ಬಂದ ಹಾಗೆಯೇ ಇಡಿ. ಚಿಕ್ಕ ಚಿತ್ರ ಬೇಕಾದರೆ ಅದನ್ನು ಬೇರೆ ಮಾಡಿಕೊಳ್ಳಿ. ಅಸಲನ್ನು ಮುಟ್ಟಬೇಡಿ.

ಎರಡನೆಯ ನಿಯಮ: ಸಹಿ ಕಡತದ ಎಷ್ಟು ಭಾಗವನ್ನು ಹಿಡಿದಿದೆ ಎಂದು ನೋಡಿ. ಸಹಿಯಾದ ಕಡತದ ತುದಿಗೆ ಹೊಸ ಬದಲಾವಣೆಗಳನ್ನು ಜೋಡಿಸಲು ಪಿ.ಡಿ.ಎಫ್. ಅವಕಾಶ ಕೊಡುತ್ತದೆ. ಎರಡನೆಯವರು ಸಹಿ ಮಾಡಬೇಕಾದರೆ ಇದು ಬೇಕು. ಕಳ್ಳನಿಗೂ ಇದೇ ದಾರಿ. 2019ರಲ್ಲಿ ಜರ್ಮನಿಯ ಬೋಖಮ್ ನಗರದ ರೂರ್ ವಿಶ್ವವಿದ್ಯಾನಿಲಯದ ಸಂಶೋಧಕರು ಪಿ.ಡಿ.ಎಫ್. ಓದುವ 22 ತಂತ್ರಾಂಶಗಳನ್ನು ಪರೀಕ್ಷಿಸಿ, 21ನ್ನು ಮೋಸಗೊಳಿಸಿ ತೋರಿಸಿದರು. ಗಣಿತವನ್ನು ಅವರು ಮುರಿಯಲಿಲ್ಲ. ಬಳೆಯನ್ನು ಕತ್ತರಿಸದೆ ಹಲಗೆಯನ್ನು ಸೇರಿಸುವ ಉಪಾಯ ಹುಡುಕಿದರು.

ಮೂರನೆಯ ನಿಯಮ: ಹಳೆಯ ಗಾಣಗಳನ್ನು ಬಿಡಿ. 2017ರ ಫೆಬ್ರವರಿಯಲ್ಲಿ ಆಮ್‌ಸ್ಟರ್‌ಡ್ಯಾಮಿನ ಸಂಶೋಧನಾ ಸಂಸ್ಥೆಯೊಂದು ಮತ್ತು ಗೂಗಲ್ ಕೂಡಿ, ಎಸ್.ಎಚ್.ಎ.-1 ಎಂಬ ಹಳೆಯ ಕ್ರಮದಲ್ಲಿ ಒಂದೇ ಬೆರಳಚ್ಚುಳ್ಳ ಎರಡು ಬೇರೆ ಬೇರೆ ಪಿ.ಡಿ.ಎಫ್. ಕಡತಗಳನ್ನು ಮಾಡಿ ತೋರಿಸಿದರು. ಬೆರಳಚ್ಚು ಒಂದೇ ಆದಮೇಲೆ ಒಂದರ ಸಹಿ ಇನ್ನೊಂದಕ್ಕೂ ಒಪ್ಪುತ್ತದೆ.

ನಾಲ್ಕನೆಯದು ಕಾಲದ ಮಾತು. ಪ್ರಮಾಣಪತ್ರದ ಆಯುಸ್ಸು ಎರಡು ಮೂರು ವರ್ಷ; ಮನೆಯ ಪತ್ರದ ಆಯುಸ್ಸು ಮೂರು ತಲೆಮಾರು. ಸಬ್‌ರಿಜಿಸ್ಟ್ರಾರರು ನಿವೃತ್ತರಾದ ಮಾತ್ರಕ್ಕೆ ಅವರು ರುಜು ಹಾಕಿದ ಕ್ರಯಪತ್ರ ಬಿದ್ದುಹೋಗುವುದಿಲ್ಲ. ಆ ದಿನ ಅವರು ಅಧಿಕಾರದಲ್ಲಿದ್ದರೆಂದು ತೋರಿಸಿದರೆ ಸಾಕು. ಹಾಗೆ ತೋರಿಸಲು ಸಹಿಯ ಜೊತೆಗೆ ನಂಬಲರ್ಹವಾದ ಕಾಲಮುದ್ರೆಯನ್ನೂ, ಪ್ರಮಾಣಪತ್ರ ಆಗ ರದ್ದಾಗಿರಲಿಲ್ಲ ಎಂಬ ಸಾಕ್ಷಿಯನ್ನೂ ಕಡತದೊಳಗೇ ಇಡಬೇಕು. ‘ಪೇಡ್ಸ್’ ಎಂಬ ಐರೋಪ್ಯ ಮಟ್ಟದಲ್ಲಿ ಇದಕ್ಕೆ ಮೆಟ್ಟಿಲು ಮೆಟ್ಟಿಲಾಗಿ ವ್ಯವಸ್ಥೆ ಇದೆ. ಬಹುಕಾಲ ಉಳಿಯಬೇಕಾದ ಪತ್ರಗಳಿಗೆ ಬರಿಯ ಮೊದಲ ಮೆಟ್ಟಿಲಲ್ಲಿ ನಿಲ್ಲಬೇಡಿ.

ಐದನೆಯದು ನಮ್ಮ ಕನ್ನಡಕ್ಕೇ ಸೇರಿದ್ದು. ಇದನ್ನು ಬೇರೆಯವರು ನಿಮಗೆ ಹೇಳಲಾರರು. ‘ಕೋಲಾರ’ ಎಂದು ಬರೆಯಿರಿ. ಯೂನಿಕೋಡಿನಲ್ಲಿ ಮೊದಲ ಅಕ್ಷರದ ಓತ್ವವನ್ನು ಒಂದೇ ಸಂಕೇತವಾಗಿ ಬರೆಯಬಹುದು. ಒತ್ವ ಮತ್ತು ದೀರ್ಘ ಎಂದು ಎರಡಾಗಿ ಬರೆಯಬಹುದು. ಎತ್ವ, ಊತ್ವ, ದೀರ್ಘ ಎಂದು ಮೂರಾಗಿಯೂ ಬರೆಯಬಹುದು. ಕಣ್ಣಿಗೆ ಮೂರೂ ಕೋಲಾರವೇ. ಗಾಣಕ್ಕೆ ಮೂರೂ ಬೇರೆ. ಇನ್ನು ‘ಸೌಕಾರ್‌ಪೇಟೆ’ ಎಂಬ ಹೆಸರಿನ ಒಳಗೆ, ರಕಾರ ಮುಂದಿನ ಅಕ್ಷರಕ್ಕೆ ಅರ್ಕಾವತ್ತಾಗಿ ಅಂಟದಂತೆ ತಡೆಯುವ ಒಂದು ಕಾಣದ ಸಂಕೇತ ಕುಳಿತಿದೆ. ನಿಮ್ಮ ವಿಳಾಸದಲ್ಲೇ ಒಂದು ಅದೃಶ್ಯ ಅಕ್ಷರ! ಎಕ್ಸ್.ಎಂ.ಎಲ್. ಕಡತಗಳಿಗೆ ಸಹಿ ಮಾಡುವಾಗ ಕಡತವನ್ನು ಒಂದು ಕ್ರಮಕ್ಕೆ ತರುವ ವಿಧಿ ಇದೆ. ಆದರೆ ಅದು ಅಕ್ಷರಗಳ ಈ ಭೇದವನ್ನು ಸರಿಪಡಿಸುವುದಿಲ್ಲ. ಮಧ್ಯದಲ್ಲಿ ಯಾವುದೋ ಯಂತ್ರ ‘ಶುದ್ಧಿ’ ಮಾಡಿತೆಂದರೆ ಸಹಿ ಮುರಿಯುತ್ತದೆ, ಕಾರಣ ಕಣ್ಣಿಗೆ ಕಾಣುವುದಿಲ್ಲ. ಆದುದರಿಂದ ಅಕ್ಷರಗಳನ್ನು ಸಹಿಗೆ ಮುಂಚೆ ಒಂದು ರೂಪಕ್ಕೆ ತನ್ನಿ. ಸಹಿಯಾದ ಮೇಲೆ ಎಂದೂ ಮುಟ್ಟಬೇಡಿ. ನುಡಿ ತಂತ್ರಾಂಶದ ಹಳೆಯ ಅಕ್ಷರಕ್ರಮದಿಂದ ಯೂನಿಕೋಡಿಗೆ ತಿರುಗಿಸುವ ಕೆಲಸವೂ ಸಹಿಗೆ ಮುಂಚೆಯೇ ಆಗಬೇಕು.

ಕಡೆಯದಾಗಿ, ಪರೀಕ್ಷೆಯ ಫಲವನ್ನು ಜನರಿಗೆ ತಿಳಿಯುವ ಮಾತಿನಲ್ಲಿ ಹೇಳಿ. ‘ಸಹಿ ಇಲ್ಲ’ ಎಂಬ ಒಂದೇ ಉತ್ತರದಿಂದ ನನ್ನ ಅತ್ತೆಗೆ ಏನು ತಿಳಿಯಬೇಕು? ಕಡತ ಬದಲಾಗಿದೆಯೆ, ಸಹಿ ಯಾರದು, ಅವರ ಗುರುತನ್ನು ಯಾರು ಒಪ್ಪಿದ್ದಾರೆ ಎಂಬ ಮೂರನ್ನೂ ಬೇರೆ ಬೇರೆ ಹೇಳಬೇಕು. ‘ನಮ್ಮ ಕಡೆ ಏರಿಸುವಾಗ ಕಡತ ಬದಲಾಗಿದೆ’ ಎಂದು ಒಂದು ಸಾಲು ಬಂದಿದ್ದರೆ ಬಳೆಗಳು ಕೈಯಲ್ಲೇ ಇರುತ್ತಿದ್ದವು.

ಮನೆಯವರಿಗೂ ಎರಡು ಮಾತು ಹೇಳಿ ಮುಗಿಸುತ್ತೇನೆ. ಡಿಜಿಟಲ್ ಸಹಿಯ ಯು.ಎಸ್.ಬಿ. ಟೋಕನ್ನನ್ನೂ ಅದರ ಪಿನ್ ಸಂಖ್ಯೆಯನ್ನೂ ಒಟ್ಟಿಗೆ ಲೆಕ್ಕಪತ್ರ ನೋಡುವವರ ಕೈಗೆ ಕೊಟ್ಟು ನಿಶ್ಚಿಂತರಾಗಿರುವ ವರ್ತಕರು ಇದ್ದಾರೆ. ಖಾಲಿ ಕಾಗದಕ್ಕೆ ರುಜು ಹಾಕಿ ಕೊಟ್ಟ ಹಾಗೆ ಅದು. ಕೀಲಿಯನ್ನು ಜೋಪಾನ ಮಾಡುವ ಹೊಣೆಯನ್ನು ಕಾಯಿದೆಯ 42ನೆಯ ಪ್ರಕರಣ ಒಡೆಯನ ಮೇಲೆಯೇ ಹೊರಿಸಿದೆ. ಇನ್ನೊಂದು: ಉಯಿಲನ್ನು ಡಿಜಿಟಲ್ ಸಹಿಯಿಂದ ಮಾಡಲು ಈ ಕಾಯಿದೆ ಒಪ್ಪುವುದಿಲ್ಲ, ‘ಪವರ್ ಆಫ್ ಅಟಾರ್ನಿ’ ಪತ್ರಕ್ಕೂ ಕೆಲವು ವಿನಾಯಿತಿಗಳನ್ನು ಬಿಟ್ಟರೆ ಇದೇ ನಿಯಮ. ಅವಕ್ಕೆ ಕಾಗದ, ಲೇಖನಿ, ಸಾಕ್ಷಿಗಳು ಇಂದಿಗೂ ಬೇಕು.

ಅತ್ತೆಯವರು ಇಲ್ಲಿಯೇ ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಮೊಮ್ಮಗಳು ಓದು ಮುಗಿಸಿ ಕೆಲಸಕ್ಕೆ ಸೇರಿದ್ದಾಳೆ. ಅವಳ ಕಸಬೂ ತಂತ್ರಾಂಶವೇ. ನನ್ನ ತಪ್ಪನ್ನು ಸಭೆಯಲ್ಲಿ ಹೇಳಬಹುದೆ ಎಂದು ನಿನ್ನೆ ಅತ್ತೆಯವರನ್ನು ಕೇಳಿದೆ. “ಹೇಳಪ್ಪ, ನಾಲ್ಕು ಜನಕ್ಕೆ ಉಪಯೋಗ ಆದರೆ ಆಗಲಿ. ಬಳೆ ವಿಚಾರಾನೂ ಹೇಳು” ಎಂದರು. ಅವರ ಅಪ್ಪಣೆಯಂತೆ ಹೇಳಿದ್ದೇನೆ.